75 ಕಿಲೋ ಚೀಲ, 23 ಕಿಲೋ ಸೂತ್ರ

ಕಂಪ್ಲಿ, ಗಂಗಾವತಿ ಕಡೆ ಭತ್ತದ ಧಾರಣೆ ಕೇಳಿದರೆ ಉತ್ತರ ಕ್ವಿಂಟಲ್ ಲೆಕ್ಕದಲ್ಲಿ ಬರುವುದಿಲ್ಲ. ‘ಚೀಲಕ್ಕೆ ಇಷ್ಟು’ ಎಂದೇ ಮಾತು, ಚೀಲವೆಂದರೆ 75 ಕಿಲೋ. ಸರ್ಕಾರ ಬೆಂಬಲ ಬೆಲೆಯನ್ನು ಕ್ವಿಂಟಲ್‌ಗೆ ಘೋಷಿಸಿದರೂ ರೈತ, ದಲ್ಲಾಳಿ, ರೈಸ್‌ಮಿಲ್ಲಿನ ಗುಮಾಸ್ತ ಮೂವರ ಬಾಯಲ್ಲೂ ಇರುವುದು ಈ ಚೀಲವೇ. ಈ ವ್ಯವಹಾರದಲ್ಲಿ ನಾಲ್ಕನೆಯವನೊಬ್ಬನಿದ್ದಾನೆ. ಇಬ್ಬರು ಚೀಲದ ಮೂಲೆ ಹಿಡಿದು ಮೇಲಕ್ಕೆ ತೂಗಿದಾಗ ಅರೆಬಾಗಿ ನಿಂತು ಅದನ್ನು ಹೆಗಲಿಗೂ ಬೆನ್ನಿಗೂ ನಡುವೆ ಕೂರಿಸಿಕೊಂಡು, ಹಲಗೆ ಹತ್ತಿ ಲಾರಿಯೊಳಗೆ ಇಳಿಸಿ, ಖಾಲಿ ಕೈಯಲ್ಲಿ ಬಿರಬಿರನೆ ಮರಳುವ ಹಮಾಲ. ಅವನ ಮೈತೂಕ 55 ಕಿಲೋ ಇದ್ದರೆ, ಪ್ರತಿ ಸಲವೂ ಅವನು ತನಗಿಂತ 20 ಕಿಲೋ ಹೆಚ್ಚು ತೂಗುವುದನ್ನು ಹೊರುತ್ತಾನೆ. ಕೂಲಿಯೂ ಚೀಲದ ಲೆಕ್ಕದಲ್ಲೇ ಆದ್ದರಿಂದ ನಿಧಾನಕ್ಕೆ ನಡೆದರೆ ಅವನಿಗೇ ನಷ್ಟ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನಿಟ್ಟು ನೋಡಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ, ಅಂದರೆ ನಯೋಶ್, 1981ರಲ್ಲಿ ಭಾರ ಎತ್ತುವುದಕ್ಕೊಂದು ಸೂತ್ರ ಕೊಟ್ಟಿತು, 1991ರಲ್ಲಿ ಅದನ್ನು ಪರಿಷ್ಕರಿಸಿತು. ಆ ಸೂತ್ರ ಶುರುವಾಗುವುದೇ 23 ಕಿಲೋದಿಂದ. ವಸ್ತು ಮೈಗೆ ತಾಗುವಷ್ಟು ಹತ್ತಿರವಿರಬೇಕು, ಸುಮಾರು ಮುಕ್ಕಾಲು ಮೀಟರ್ ಎತ್ತರದಲ್ಲಿರಬೇಕು, ಹಿಡಿ ಗಟ್ಟಿಯಾಗಿರಬೇಕು, ನಡ ತಿರುಚುವಂತಿರಬಾರದು, ಅಪರೂಪಕ್ಕೊಮ್ಮೆ ಎತ್ತಿದರೆ ಸಾಕಾಗಬೇಕು. ಇಷ್ಟೆಲ್ಲ ಕೂಡಿಬಂದಾಗ 23 ಕಿಲೋ. ಒಂದೊಂದು ಅನುಕೂಲ ತಪ್ಪಿದಂತೆ ಮಿತಿ ಇಳಿಯುತ್ತ ಹೋಗುತ್ತದೆ, ಏರುವ ಮಾತೇ ಇಲ್ಲ.

75 ಮತ್ತು 23ರ ನಡುವಿನ ಈ ಕಂದಕವನ್ನು ಅಳೆಯುವ ಶಾಸ್ತ್ರಕ್ಕೆ ಬಯೋಮೆಕ್ಯಾನಿಕ್ಸ್ ಎನ್ನುತ್ತಾರೆ. ದೇಹದ ಮೂಳೆಗಳನ್ನು ಸನ್ನೆಗಳೆಂದೂ ಸ್ನಾಯುಗಳನ್ನು ಎಳೆಯುವ ಹಗ್ಗಗಳೆಂದೂ ಭಾವಿಸಿ ಲೆಕ್ಕ ಹಾಕುವ ಈ ವಿದ್ಯೆಗೆ ಮುನ್ನೂರು ವರ್ಷ ದಾಟಿದೆ. ಇಟಲಿಯ ಬೊರೆಲ್ಲಿ ಬರೆದ ಪ್ರಾಣಿಚಲನೆಯ ಗ್ರಂಥ 1680ರ ಸುಮಾರಿನದು. ದುಡಿಯುವವರ ಮೈಮೇಲಿನ ಹೊರೆಯನ್ನು ತಿಳಿಯಲು ಇಂದು ಹತ್ತಾರು ವಿಧಾನಗಳಿವೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಕೆಲಸಗಳಿಗೆ ಅವು ಎಷ್ಟು ಒಪ್ಪುತ್ತವೆ ಎಂಬುದು ಇಲ್ಲಿನ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿಧಾನಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆಯ ಸಮತಟ್ಟು ನೆಲಕ್ಕೆ, ಹಿಡಿಕೆಯಿರುವ ಪೆಟ್ಟಿಗೆಗೆ ಹುಟ್ಟಿದವು. ಹಾಗೆಯೇ ತಂದು ಇಲ್ಲಿ ಬಳಸಿದರೆ ನಮ್ಮ ಸೀಮೆಯ ಅತಿ ಕಷ್ಟದ ಕೆಲಸಗಳೇ ‘ಸಾಧಾರಣ’ ಎಂದು ದಾಖಲಾಗುವ ಅಪಾಯವಿದೆ. ಇನ್ನು ನಮ್ಮ ಕಾನೂನಿಗೆ ಕಿಲೋ ಒಂದೇ ಗೊತ್ತು, ಆ ಕಿಲೋವೂ ಪಾಲನೆಯಾಗುತ್ತಿಲ್ಲ.

ಕೆಲಸಗಾರರನ್ನು ತಲೆ ಲೆಕ್ಕದಲ್ಲಿ ಎಣಿಸುವುದು ಈ ನೆಲಕ್ಕೆ ಹಳೆಯದೇ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೆರೆಯೊಂದರ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ತೊಡಗಿದ್ದನ್ನು ಕಂಡು ಬರೆದಿದ್ದಾನೆ. ಎಷ್ಟು ಜನ ಎಂಬುದಷ್ಟೇ ಅವನಿಗೆ ಕಂಡದ್ದು. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಉಳಿದಿರುವ ಬೆಣೆಯ ಗುರುತುಗಳನ್ನು ನೋಡಿದರೆ ಕಲ್ಲು ಸೀಳಿದ ಬಗೆ ತಿಳಿಯುತ್ತದೆ, ಸೀಳಿದವರ ರಟ್ಟೆಯ ಕತೆ ತಿಳಿಯುವುದಿಲ್ಲ. 1945ರಲ್ಲಿ ಶುರುವಾಗಿ 1953ರಲ್ಲಿ ನೀರು ತುಂಬಿದ ತುಂಗಭದ್ರಾ ಅಣೆಕಟ್ಟು ಕಲ್ಲುಕಟ್ಟಡದ್ದು. ಅಲ್ಲಿ ಎಷ್ಟು ಘನ ಅಡಿ ಕಟ್ಟಲಾಯಿತು ಎಂಬುದಕ್ಕೆ ಎಂಜಿನಿಯರುಗಳ ದಾಖಲೆಯಿದೆ. ತಲೆಯ ಮೇಲೆ ಕಲ್ಲು, ಗಾರೆ ಹೊತ್ತವರ ನಡ ಏನಾಯಿತೆಂಬುದು ಅಂಥ ದಾಖಲೆಗಳ ವಿಷಯವೇ ಅಲ್ಲ.

ಲೆಕ್ಕಕ್ಕೆ ಬರೋಣ. ಸುಲಭದ್ದೆಂದು ತೋರುವ ಕೆಲಸವೊಂದನ್ನೇ ಮೊದಲು ತೆಗೆದುಕೊಳ್ಳುವೆ, ಭತ್ತದ ನಾಟಿ. ಕಾಲುವೆಗೆ ನೀರು ಬಿಟ್ಟ ಮೇಲೆ ಕಂಪ್ಲಿ, ರಾಮಸಾಗರದ ಗದ್ದೆಗಳಲ್ಲಿ ಹೆಣ್ಣಾಳುಗಳು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿಯುತ್ತಾರೆ. ಎಡಗೈಯಲ್ಲಿ ಸಸಿಯ ಹಿಡಿ, ಬಲಗೈ ಕೆಸರಿಗೂ ಸಸಿಗೂ ನಡುವೆ ಓಡಾಡುತ್ತಿರುತ್ತದೆ, ಕಾಲು ಹಿಂದಕ್ಕೆ ಹಿಂದಕ್ಕೆ. ಕೈಯಲ್ಲಿರುವುದು ಹೆಚ್ಚೆಂದರೆ ಅರ್ಧ ಕಿಲೋ. ತೂಕದ ಕಾನೂನಿನ ಕಣ್ಣಿಗೆ ಇದು ಭಾರವೇ ಅಲ್ಲ.

50 ಕಿಲೋ ತೂಗುವ ಹೆಣ್ಣುಮಗಳ ಸೊಂಟದಿಂದ ಮೇಲಿನ ಭಾಗ, ಅಂದರೆ ತಲೆ, ತೋಳು, ಎದೆ, ಹೊಟ್ಟೆ ಸೇರಿ ಸುಮಾರು 30 ಕಿಲೋ. ಪೂರ್ತಿ ಬಾಗಿದಾಗ ಆ 30 ಕಿಲೋದ ತೂಕದ ಕೇಂದ್ರ ಬೆನ್ನುಮೂಳೆಯ ಬುಡದಿಂದ ಹೆಚ್ಚುಕಡಿಮೆ 25 ಸೆಂಟಿಮೀಟರ್ ಮುಂದಿರುತ್ತದೆ. ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳಿಗೂ ಮೂಳೆಯ ತಿರುಗಣೆಗೂ ಇರುವ ದೂರ 5 ಸೆಂಟಿಮೀಟರ್ ಮಾತ್ರ. ಕಲ್ಲು ಮೀಟುವ ಹಾರೆಯ ತತ್ವವೇ ಇದು, ಆದರೆ ತಲೆಕೆಳಗು. ಹಾರೆಯಲ್ಲಿ ಉದ್ದನೆಯ ತುದಿ ನಮ್ಮ ಕೈಯಲ್ಲಿರುತ್ತದೆ, ಬೆನ್ನಿನಲ್ಲಿ ಗಿಡ್ಡ ತುದಿ ನಮ್ಮ ಪಾಲಿಗೆ ಬಂದಿದೆ. 25ನ್ನು 5ರಿಂದ ಭಾಗಿಸಿದರೆ ಐದು ಪಟ್ಟು. ಬರಿಗೈಯಲ್ಲಿ ಬಾಗಿ ನಿಂತರೂ ಸ್ನಾಯುಗಳು ಸುಮಾರು 150 ಕಿಲೋದಷ್ಟು ಎಳೆಯಬೇಕು, ನ್ಯೂಟನ್ ಲೆಕ್ಕದಲ್ಲಿ 1,470. ಅದೇ ಭಂಗಿಯಲ್ಲಿ 45 ಸೆಂಟಿಮೀಟರ್ ಮುಂದಿರುವ 20 ಕಿಲೋ ಬುಟ್ಟಿಗೆ ಕೈ ಹಾಕಿ ಮೇಲೆತ್ತಿದರೆ ಸ್ನಾಯುಗಳ ಎಳೆತ 3,200 ನ್ಯೂಟನ್ ದಾಟುತ್ತದೆ. ಬೆನ್ನುಮೂಳೆಯ ತಳದ ಬಿಲ್ಲೆಯ ಮೇಲೆ ಒತ್ತಡ 3,400 ನ್ಯೂಟನ್ ಮೀರಬಾರದೆಂದು ನಯೋಶ್ ಗೆರೆ ಎಳೆದಿದೆ. ಶವಗಳಿಂದ ತೆಗೆದ ಬೆನ್ನುಮೂಳೆಯ ತುಂಡುಗಳನ್ನು ಯಂತ್ರದಲ್ಲಿ ಒತ್ತಿ, ಅವು ಬಿರುಕು ಬಿಡುವ ಹಂತ ನೋಡಿ ಎಳೆದ ಗೆರೆಯಿದು. ಎತ್ತುವಾಗಿನ ಜಗ್ಗನ್ನು ನನ್ನ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೆ ಗೆರೆ ದಾಟುತ್ತದೆ.

ಲೆಕ್ಕದ ಮೇಲೆ ನಂಬಿಕೆಯಿಲ್ಲದವರು ಒಳಗೇ ಹೊಕ್ಕು ನೋಡಿದ್ದಾರೆ. ಸ್ವೀಡನ್ನಿನ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಬೆನ್ನಿನ ಬಿಲ್ಲೆಗೆ ಸೂಜಿ ತೂರಿಸಿ ಒತ್ತಡ ಅಳೆದ. ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಳತೆ ಇನ್ನೂ ಸ್ಪಷ್ಟ. ನೆಟ್ಟಗೆ ನಿಂತಾಗ 0.5 ಮೆಗಾಪಾಸ್ಕಲ್, ಮುಂದಕ್ಕೆ ಬಾಗಿದಾಗ 1.1, ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3, ಅದನ್ನೇ ಮೊಣಕಾಲು ಮಡಿಸಿ ಎತ್ತಿದಾಗ 1.7. ಇವೆಲ್ಲ ಒಬ್ಬನೇ ಸ್ವಯಂಸೇವಕನ ದೇಹದಿಂದ ಬಂದ ಅಂಕಿಗಳು ಎಂಬುದನ್ನು ಮರೆಯಬಾರದು. ಆದರೂ ನಿಂತದ್ದಕ್ಕೂ ಬಾಗಿದ್ದಕ್ಕೂ ಎರಡು ಪಟ್ಟು ವ್ಯತ್ಯಾಸವಿದೆ ಎಂಬ ಮಾತಿನ ದಿಕ್ಕು ತಪ್ಪಿಲ್ಲ. ನಾಟಿಯವರು ದಿನದ ಬಹುಪಾಲು ಇರುವುದು ಆ ಎರಡು ಪಟ್ಟಿನಲ್ಲೇ.

ಇಲ್ಲೊಂದು ಮೋಸವೂ ಇದೆ, ಉಪಕರಣದ ಮೋಸ. ಸ್ನಾಯು ದುಡಿಯುವಾಗ ಹೊಮ್ಮುವ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲೆ ಅಂಟಿಸಿದ ಪಟ್ಟಿಗಳಿಂದ ಹಿಡಿಯುವ ಇಎಂಜಿ ವಿಧಾನ ತುಂಬ ನಂಬಿಕೆಯದು. ಆದರೆ 1950ರ ದಶಕದ ಆರಂಭದಲ್ಲೇ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ಬ್ರಿಟಿಷ್ ಸಂಶೋಧಕರು ವಿಚಿತ್ರವೊಂದನ್ನು ತೋರಿಸಿದರು. ಮನುಷ್ಯ ಪೂರ್ತಿ ಬಾಗಿದಾಗ ಬೆನ್ನಿನ ಸ್ನಾಯುಗಳು ಥಟ್ಟನೆ ಸುಮ್ಮನಾಗುತ್ತವೆ, ಗೆರೆ ಸಪಾಟಾಗುತ್ತದೆ. ಭಾರ ಎಲ್ಲಿಗೂ ಹೋಗಿರುವುದಿಲ್ಲ. ಸ್ನಾಯು ಕೈಬಿಟ್ಟ ಹೊರೆಯನ್ನು ಮೂಳೆಗಳನ್ನು ಬಿಗಿದಿರುವ ಅಸ್ಥಿರಜ್ಜುಗಳೂ ಬಿಲ್ಲೆಗಳೂ ಹೊರುತ್ತವೆ. ಗಂಟೆಗಟ್ಟಲೆ ಹೀಗೆ ಜೋತುಬಿದ್ದ ರಜ್ಜುಗಳು ನಿಧಾನಕ್ಕೆ ಹಿಗ್ಗುತ್ತವೆ, ಎದ್ದು ನಿಂತ ಕೂಡಲೇ ಮೊದಲಿನಂತಾಗುವುದಿಲ್ಲ. ಬದುವಿಗೆ ಬಂದು ಎರಡೂ ಕೈ ನಡದ ಮೇಲಿಟ್ಟು ‘ನಡ ಹಿಡಕೊಂಡೈತಿ’ ಅನ್ನುವ ಹೆಣ್ಣುಮಗಳ ಮಾತಿನ ಶಾರೀರಿಕ ಅರ್ಥ ಇದೇ. ಯಂತ್ರವನ್ನು ಮಾತ್ರ ನಂಬಿದವನು ಅವಳು ಬಾಗಿದ್ದಾಗ ವಿಶ್ರಾಂತಿಯಲ್ಲಿದ್ದಳು ಎಂದು ವರದಿ ಬರೆದಾನು.

ಎದೆಬಡಿತದ ವಿಧಾನವೂ ನಾಟಿಯ ವಿಷಯದಲ್ಲಿ ಅರ್ಧ ಸತ್ಯವನ್ನೇ ಹೇಳುತ್ತದೆ. ಭಾರತದ ಗೃಹವಿಜ್ಞಾನ ಕಾಲೇಜುಗಳಲ್ಲಿ ಹೆಂಗಸರ ಕೆಲಸದ ಶ್ರಮ ಅಳೆಯಲು 1994ರ ವರ್ಗೀಸ್ ಮತ್ತು ಸಹೋದ್ಯೋಗಿಗಳ ಪಟ್ಟಿ ಹೆಚ್ಚು ಬಳಕೆಯಲ್ಲಿದೆ. ನಿಮಿಷಕ್ಕೆ 106ರಿಂದ 120 ಬಡಿತವಿದ್ದರೆ ಸಾಧಾರಣ ಭಾರದ ಕೆಲಸ, 121ರಿಂದ 135 ಆದರೆ ಭಾರಿ ಕೆಲಸ, 150 ದಾಟಿದರೆ ಅತಿ ಭಾರಿ. ಬಡಿತವನ್ನು 0.159ರಿಂದ ಗುಣಿಸಿ 8.72 ಕಳೆದರೆ ನಿಮಿಷಕ್ಕೆ ಖರ್ಚಾಗುವ ಶಕ್ತಿ ಕಿಲೋಜೌಲ್‌ನಲ್ಲಿ ಸಿಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ವಿಭಾಗ ರೈತ ಮಹಿಳೆಯರ ಕೆಲಸಗಳನ್ನು ಈ ದಾರಿಯಲ್ಲಿ ಅಧ್ಯಯನ ಮಾಡುತ್ತ ಬಂದಿದೆ, ಅಗ್ಗದ ಮತ್ತು ಉಪಯುಕ್ತ ದಾರಿ. ಆದರೆ ಬಾಗಿ ನಿಂತವಳ ಹೃದಯ ಬೆಟ್ಟ ಹತ್ತಿದವಳ ಹೃದಯದಂತೆ ಓಡುವುದಿಲ್ಲ. ಹೃದಯ ‘ಸಾಧಾರಣ’ ಎನ್ನುವ ಹೊತ್ತಿಗೆ ಬೆನ್ನು ‘ಭಾರಿ’ ಎನ್ನುತ್ತಿರುತ್ತದೆ. ಕೈಯಿಂದ ಎಳೆಯುವ ನಾಟಿ ಯಂತ್ರ ಕೊಟ್ಟರೆ ಇದರ ಉಲ್ಟಾ: ನಡ ನೆಟ್ಟಗಾಗುತ್ತದೆ, ಕೆಸರಲ್ಲಿ ಎಳೆದು ಎಳೆದು ಏದುಸಿರು ಹತ್ತುತ್ತದೆ. ಎರಡನ್ನೂ ಒಟ್ಟಿಗೆ ಅಳೆಯದೆ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ತೀರ್ಪು ಕೊಡುವುದು ಅವಸರ. (ಡೀಸೆಲ್ ನಾಟಿ ಯಂತ್ರ ಬಂದರೆ ನಡವೂ ಉಳಿಯುತ್ತದೆ, ಉಸಿರೂ ಉಳಿಯುತ್ತದೆ, ಕೂಲಿ ಮಾತ್ರ ಉಳಿಯುವುದಿಲ್ಲ. ಆ ಲೆಕ್ಕ ಯಾವ ಸೂತ್ರದಲ್ಲೂ ಇಲ್ಲ.)

ಇನ್ನು ಸಂಡೂರು. ಇಲ್ಲಿನ ಕಬ್ಬಿಣದ ಅದಿರು ನೀರಿನ ಐದು ಪಟ್ಟು ತೂಗುವ ಕಲ್ಲು. ಮಣ್ಣು ಹೊರುವ ಬುಟ್ಟಿಯಲ್ಲೇ ಅದಿರು ತುಂಬಿದರೆ ತೂಕ ಹತ್ತಿರ ಹತ್ತಿರ ಎರಡರಷ್ಟು, ನೋಡುವವರಿಗೆ ಮಾತ್ರ ಅದೇ ಬುಟ್ಟಿ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದಾಗ, ಮೇಲ್ಪದರದ ಅದಿರನ್ನು ಸುತ್ತಿಗೆಯಿಂದ ಒಡೆದು, ಜರಡಿ ಹಿಡಿದು, ಟಿಪ್ಪರಿಗೆ ತುಂಬುವ ಕೈಕೆಲಸದಲ್ಲಿ ಹೆಂಗಸರೂ ಮಕ್ಕಳೂ ಇದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, 2013ರ ಏಪ್ರಿಲ್‌ನಲ್ಲಿ ಷರತ್ತಿನೊಂದಿಗೆ ಮತ್ತೆ ಬಿಟ್ಟಿತು. ಲೋಕಾಯುಕ್ತ ವರದಿಯಿಂದ ಹಿಡಿದು ಕೋರ್ಟಿನ ಸಮಿತಿಗಳವರೆಗೆ ಅಲ್ಲಿ ಎಲ್ಲವೂ ಟನ್ ಲೆಕ್ಕ. ಕಾಡಿಗೆ ಆದ ನಷ್ಟದ ಲೆಕ್ಕವಾಯಿತು, ಬೊಕ್ಕಸಕ್ಕೆ ಆದ ನಷ್ಟದ ಲೆಕ್ಕವಾಯಿತು.

ಅದಿರಿನ ಆ ಬುಟ್ಟಿಯನ್ನು ನಯೋಶ್ ಸೂತ್ರಕ್ಕೆ ಹಾಕಿ ನೋಡಬಹುದು. ಬುಟ್ಟಿಯ ಅಗಲದಿಂದಾಗಿ ಕೈಗಳು ಕಾಲಿನಿಂದ 45 ಸೆಂಟಿಮೀಟರ್ ಮುಂದೆ ಹೋಗುತ್ತವೆ. ಇಷ್ಟಕ್ಕೇ 23 ಕಿಲೋ 12.8ಕ್ಕೆ ಇಳಿಯಿತು. ನೆಲದಿಂದ 10 ಸೆಂಟಿಮೀಟರ್ ಎತ್ತರದಿಂದ ಎತ್ತಬೇಕಾದ್ದರಿಂದ 10.3. ತಲೆಯವರೆಗೆ ಒಂದೂವರೆ ಮೀಟರ್ ಏರಿಸಬೇಕಾದ್ದರಿಂದ 8.7. ಅಂಚು ಹಿಡಿದು ಎತ್ತುವ ಹಿಡಿತ ಅಷ್ಟಕ್ಕಷ್ಟೇ ಆದ್ದರಿಂದ 8.3. ದಿನವಿಡೀ ನಿಮಿಷಕ್ಕೊಂದರಂತೆ ಎತ್ತಿದರೆ 6.2 ಕಿಲೋ, ನಿಮಿಷಕ್ಕೆ ನಾಲ್ಕರಂತೆ ಎತ್ತಿದರೆ 3.7 ಕಿಲೋ. ಬುಟ್ಟಿಯ ತೂಕ 20 ಕಿಲೋ ಇದ್ದರೆ ಮೊದಲನೆಯ ವೇಗದಲ್ಲಿ ಮಿತಿಯ ಮೂರು ಪಟ್ಟು, ಎರಡನೆಯದರಲ್ಲಿ ಐದು ಪಟ್ಟಿಗೂ ಹೆಚ್ಚು. ಮೂರು ಪಟ್ಟು ಮೀರಿದರೆ ಬಹುಪಾಲು ಎಲ್ಲ ಕೆಲಸಗಾರರ ಬೆನ್ನಿಗೂ ಅಪಾಯ ಎಂಬುದು ತಜ್ಞರ ಎಣಿಕೆ. ಸೂತ್ರದ ಸೊಗಸು ಇಲ್ಲಿದೆ: ಬುಟ್ಟಿಯ ತೂಕ ಬದಲಾಗಲಿಲ್ಲ, ವೇಗ ಬದಲಾಯಿತು, ಅಷ್ಟಕ್ಕೇ ಮಿತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ತೂಕದ ಮೇಲಷ್ಟೇ ಕಣ್ಣಿಟ್ಟ ಕಾನೂನಿಗೆ ಇದು ಕಾಣುವುದೇ ಇಲ್ಲ.

ಆದರೆ ಈ ಸೂತ್ರ ತನ್ನ ಮಿತಿಯನ್ನೂ ತಾನೇ ಹೇಳಿಕೊಂಡಿದೆ. ಹೊತ್ತು ನಡೆಯುವುದಕ್ಕೆ, ಸಲಿಕೆಯಲ್ಲಿ ಎತ್ತಿ ಹಾಕುವುದಕ್ಕೆ, ಒಂದೇ ಕೈಯಲ್ಲಿ ಎತ್ತುವುದಕ್ಕೆ, ಕೂತೋ ಮಂಡಿಯೂರಿಯೋ ಎತ್ತುವುದಕ್ಕೆ, ಜಾರುವ ನೆಲಕ್ಕೆ ಅದು ಅನ್ವಯಿಸದು. ಹವೆ 19ರಿಂದ 26 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಈ ಕೊನೆಯ ಷರತ್ತನ್ನು ಹೊಸಪೇಟೆಯಲ್ಲಿ ಓದಿದವರಿಗೆ ನಗು ಬಂದರೆ ತಪ್ಪಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು. ಬಿಸಿಲಿಗೆ ಬೆವರು ಹರಿಸಿ ಮೈ ತಂಪಾಗಿಡಲೆಂದೇ ಹೃದಯ ಹೆಚ್ಚು ಬಡಿಯಬೇಕು, ಭಾರ ಹೊರಲು ಉಳಿಯುವ ಶಕ್ತಿ ಅಷ್ಟು ಕಡಿಮೆ. ಗದ್ದೆಯ ಕೆಸರು, ಗಣಿಯ ಇಳಿಜಾರು, ಎಪಿಎಂಸಿಯ ಹಲಗೆ, ಕಬ್ಬಿನ ಹೊರೆ, ಹಂಪಿಯ ನದಿಯಲ್ಲಿ ಮೈ ತಿರುಚಿ ಹುಟ್ಟು ಹಾಕುವ ಹರಿಗೋಲು, ಇವೆಲ್ಲ ಸೂತ್ರದ ಬೇಲಿಯ ಹೊರಗಿನವೇ. ಹಾಗಾಗಿ ಮೇಲಿನ 6.2 ಕಿಲೋ ಕೂಡ ಉದಾರವಾದ ಅಂಕಿಯೆಂದೇ ತಿಳಿಯಬೇಕು.

ತಲೆಹೊರೆಯ ವಿಷಯದಲ್ಲಿ ಶಾಸ್ತ್ರ ನಮ್ಮವರಿಂದಲೇ ಕಲಿಯಿತು. 1971ರಲ್ಲಿ ದತ್ತ ಮತ್ತು ರಾಮನಾಥನ್ ಎಂಬ ಭಾರತೀಯ ಸಂಶೋಧಕರು 30 ಕಿಲೋವನ್ನು ಏಳು ಬಗೆಯಲ್ಲಿ ಹೊರಿಸಿ ಆಮ್ಲಜನಕದ ಖರ್ಚು ಅಳೆದರು. ಎದೆಗೂ ಬೆನ್ನಿಗೂ ಹಂಚಿದ ಹೊರೆ ಎಲ್ಲಕ್ಕಿಂತ ಹಗುರ, ತಲೆಹೊರೆ ಅದರ ಬೆನ್ನಿಗೇ ಬಂತು. ಗೋಣಿಚೀಲದಂತೆ ಬೆನ್ನ ಮೇಲೆ ಹೊರುವುದು ಹಿಂದೆ ಬಿತ್ತು, ಎರಡು ಕೈಯಲ್ಲಿ ತೂಗಿಸಿಕೊಂಡು ಹೋಗುವುದು ಎಲ್ಲಕ್ಕಿಂತ ದುಬಾರಿ. 1986ರಲ್ಲಿ ಕೀನ್ಯಾದ ಹೆಂಗಸರ ಮೇಲಿನ ಅಧ್ಯಯನ ಇನ್ನೂ ಮುಂದೆ ಹೋಗಿ, ಮೈತೂಕದ ಐದನೇ ಒಂದು ಪಾಲಿನವರೆಗೆ ತಲೆಯ ಮೇಲಿದ್ದರೆ ಅವರಿಗೆ ಹೆಚ್ಚಿನ ಶಕ್ತಿಯೇ ಬೇಕಿಲ್ಲ ಎಂದಿತು. ಸಿಂಬಿ ಇಟ್ಟು ಬುಟ್ಟಿ ಹೊತ್ತು ತಲೆ ಅಲುಗದಂತೆ ನಡೆಯುವ ನಮ್ಮ ಹೆಂಗಸರನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಆದರೆ ಐದನೇ ಒಂದು ಪಾಲೆಂದರೆ 50 ಕಿಲೋದವಳಿಗೆ 10 ಕಿಲೋ. ಅಷ್ಟು ಕಡಿಮೆ ತುಂಬಿಸಿ ಕಳಿಸುವ ಮೇಸ್ತ್ರಿ ಎಲ್ಲಿದ್ದಾನೆ? ಮತ್ತೆ, ಉಸಿರು ಅಳೆಯುವ ಚೀಲಕ್ಕೆ ಕತ್ತಿನ ಮೂಳೆಯ ನೋವು ಗೊತ್ತಾಗದು.

ಸೂತ್ರಗಳಿಗಿಂತ ಹೆಚ್ಚು ಬಳಕೆಯಲ್ಲಿರುವುದು ಕಣ್ಣಿನಿಂದ ನೋಡಿ ಅಂಕ ಕೊಡುವ ಪದ್ಧತಿಗಳು. ಇವುಗಳಲ್ಲಿ ಹಿರಿಯದಾದ ಓವಾಸ್ ಹುಟ್ಟಿದ್ದು 1970ರ ದಶಕದಲ್ಲಿ, ಫಿನ್ಲೆಂಡಿನ ಓವಾಕೊ ಎಂಬ ಉಕ್ಕಿನ ಕಂಪನಿಯಲ್ಲಿ. ತೋರಣಗಲ್ಲಿನಂಥ ಉಕ್ಕಿನ ಊರಿಗೆ ಇದು ಹೇಳಿಮಾಡಿಸಿದ್ದು ಅನ್ನಿಸೀತು. ಬೆನ್ನಿಗೆ ನಾಲ್ಕು ಭಂಗಿ, ತೋಳಿಗೆ ಮೂರು, ಕಾಲಿಗೆ ಏಳು, ಭಾರಕ್ಕೆ ಮೂರು ದರ್ಜೆ; ಒಟ್ಟು 252 ಜೋಡಣೆ. ಅರ್ಧ ನಿಮಿಷಕ್ಕೋ ನಿಮಿಷಕ್ಕೋ ಒಮ್ಮೆ ಗುರುತು ಹಾಕಿಕೊಳ್ಳುತ್ತ ಹೋದರೆ ದಿನದಲ್ಲಿ ಯಾವ ಭಂಗಿ ಎಷ್ಟು ಹೊತ್ತೆಂದು ತಿಳಿಯುತ್ತದೆ. ಪೆನ್ಸಿಲ್ಲು, ಹಾಳೆ ಇದ್ದರೆ ಸಾಕು. ಕೊರತೆ ಅದರ ಭಾರದ ದರ್ಜೆಯಲ್ಲಿದೆ: 10 ಕಿಲೋ ಒಳಗೆ, 10ರಿಂದ 20, 20ಕ್ಕಿಂತ ಮೇಲೆ. ಅಂದರೆ 21 ಕಿಲೋ ಪೆಟ್ಟಿಗೆಗೂ ನಮ್ಮ 75 ಕಿಲೋ ಚೀಲಕ್ಕೂ ಒಂದೇ ಅಂಕ! ಮನುಷ್ಯ ಅಷ್ಟು ಹೊರಬಹುದೆಂಬ ಕಲ್ಪನೆ ಅದನ್ನು ಮಾಡಿದವರಿಗೆ ಇದ್ದಂತಿಲ್ಲ.

1993ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಬಂದ ರೂಲಾ ಕೈ, ಕತ್ತು, ಭುಜಗಳ ಕೆಲಸಕ್ಕೆ. 2000ದಲ್ಲಿ ಬಂದ ರೀಬಾ ಇಡೀ ಮೈಗೆ. ಸಂಡೂರಿನ ಲಂಬಾಣಿ ಕಸೂತಿಯವರಿಗೆ ರೂಲಾ ಸರಿಹೊಂದಬೇಕು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ ಕಸೂತಿ ಸೇರಿ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ಎಣಿಕೆಯಲ್ಲಿ ಕತ್ತು ಬಗ್ಗಿಸಿ, ಕಣ್ಣು ಕಿರಿದಾಗಿಸಿ ಕೂತ ಗಂಟೆಗಳು ಇಲ್ಲ. ರೂಲಾದಲ್ಲಿ ಕತ್ತಿಗೆ, ಮಣಿಕಟ್ಟಿಗೆ ಸೂಕ್ಷ್ಮವಾದ ಅಂಕಗಳಿವೆ. ಕಾಲಿಗೆ ಮಾತ್ರ ಆಧಾರವಿದೆ, ಆಧಾರವಿಲ್ಲ ಎಂಬ ಎರಡೇ ಮಾತು. ಕುರ್ಚಿಯ ಮೇಲೆ ಕೂತವರನ್ನು ಕಂಡು ಮಾಡಿದ ಪಟ್ಟಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಮಂಡಿಯೂ ಜೋಮು ಹಿಡಿದ ಪಾದವೂ ಎಟುಕುವುದಿಲ್ಲ.

ಗಣಿಯ ಡಂಪರ್, ಟಿಪ್ಪರ್ ಚಾಲಕರದು ಬೇರೆಯೇ ಬಾಬತ್ತು. ಅವರು ಏನನ್ನೂ ಎತ್ತುವುದಿಲ್ಲ, ಗುಂಡಿಬಿದ್ದ ದಾರಿ ಅವರನ್ನು ಎತ್ತಿ ಕುಕ್ಕುತ್ತದೆ. ಸೀಟಿನ ಮೇಲೆ ಕಂಪನಮಾಪಕವಿಟ್ಟು ಅಳೆಯುವ ಐಎಸ್‌ಒ 2631 ಪದ್ಧತಿ ಇದಕ್ಕಿದೆ. ಎಂಟು ಗಂಟೆಗೆ ಸರಾಸರಿ 0.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಕ್ರಮ ಕೈಗೊಳ್ಳಬೇಕು, 1.15 ದಾಟಲೇಬಾರದು ಎಂಬುದು ಯುರೋಪಿನ 2002ರ ನಿಯಮ. ಇದು ಅಳೆಯಲು ಸುಲಭ, ಸರಿಪಡಿಸಲೂ ಸುಲಭ: ರಸ್ತೆ, ಸೀಟು, ವೇಗ. ಸಂಡೂರಿನಲ್ಲಿ ಮೊದಲು ಕೈಹಾಕಬಹುದಾದ ಕೆಲಸ ಇದೇ ಎಂದು ನನಗನ್ನಿಸುತ್ತದೆ.

ಅಳತೆ ಎಂದರೆ ಕೂಲಿಕಾರರಿಗೆ ಅನುಮಾನವಿದ್ದರೆ ಅದಕ್ಕೂ ಚರಿತ್ರೆಯಿದೆ. 1899ರಲ್ಲಿ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಗಡಿಯಾರ ಹಿಡಿದು, ಕಬ್ಬಿಣದ ಗಟ್ಟಿ ಹೊರುವವನ ದಿನದ ಕೆಲಸ ಹನ್ನೆರಡೂವರೆ ಟನ್ ಅಲ್ಲ, ನಲವತ್ತೇಳೂವರೆ ಟನ್ ಎಂದು ನಿಗದಿ ಮಾಡಿದ. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಕೆಲಸ ಸುಮಾರು ನಾಲ್ಕು ಪಟ್ಟು, ಕೂಲಿ ಒಂದೂವರೆ ಪಟ್ಟಿಗೆ ಸ್ವಲ್ಪ ಮೇಲೆ. ಅವನ ಅಂಕಿಗಳನ್ನು ಮುಂದೆ ಇತಿಹಾಸಕಾರರು ಪ್ರಶ್ನಿಸಿದರೂ ಅವನ ವಿಧಾನ ಲೋಕವನ್ನೆಲ್ಲ ಆವರಿಸಿತು. ಈಗ ಮೊಬೈಲ್ ವಿಡಿಯೋದಿಂದಲೇ ಕೀಲುಗಳ ಕೋನ ಹಿಡಿಯುವ ತಂತ್ರಾಂಶ ಬಂದಿದೆ, ಬೆನ್ನಿಗೆ ಕಟ್ಟುವ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಸಂವೇದಕಗಳು ಬಂದಿವೆ. ಇವು ಎಷ್ಟು ಬಾಗಿದರು ಎಂಬುದನ್ನೂ ಹೇಳುತ್ತವೆ, ಎಷ್ಟು ಹೊತ್ತು ಸುಮ್ಮನೆ ನಿಂತರು ಎಂಬುದನ್ನೂ ಹೇಳುತ್ತವೆ. ಎರಡನೆಯದು ಮೇಸ್ತ್ರಿಯ ಕೈಸೇರಿದರೆ ಟೇಲರನ ಗಡಿಯಾರವೇ ಮರಳಿ ಬಂದಂತೆ. ಅಳತೆಯ ಫಲಿತಾಂಶ ಕೆಲಸಗಾರನಿಗೆ ಅವನ ಭಾಷೆಯಲ್ಲಿ ತಿಳಿಸಿದ ಮೇಲೆಯೇ ಮಾಲೀಕನಿಗೆ ಹೋಗಬೇಕೆಂದು ನಾನು ವಾದಿಸುವುದು ಈ ಕಾರಣಕ್ಕೆ.

ಕಾನೂನಿನ ಕಡೆ ನೋಡಿದರೆ, 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಂ ಗಾಯವಾಗುವಷ್ಟು ಭಾರ ಹೊರಿಸಬಾರದೆಂದು ಹೇಳಿ, ಕಿಲೋ ನಿಗದಿಯನ್ನು ರಾಜ್ಯಗಳ ನಿಯಮಕ್ಕೆ ಬಿಟ್ಟಿತು. 1967ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 127ನೇ ಒಡಂಬಡಿಕೆಯನ್ನು ಭಾರತ 2010ರಲ್ಲಿ ಅನುಮೋದಿಸಿತು. ಅದರ ಜೊತೆಗಿರುವ ಶಿಫಾರಸು ವಯಸ್ಕ ಗಂಡಸಿಗೆ 55 ಕಿಲೋ ಎನ್ನುತ್ತದೆ. ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ತಂದು ಹಮಾಲರಿಗೆ ಮಂಡಳಿಗಳನ್ನು ಮಾಡಿತು. ಕರ್ನಾಟಕದಲ್ಲಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಹಮಾಲರನ್ನು ಒಳಗೊಂಡಿದೆ, ಅಪಘಾತವಾದರೆ ಪರಿಹಾರವಿದೆ. ಇಪ್ಪತ್ತು ವರ್ಷದಲ್ಲಿ ಸವೆದ ಬೆನ್ನನ್ನು ಅಪಘಾತವೆಂದು ಯಾರೂ ಒಪ್ಪುವುದಿಲ್ಲ.

ಚೀಲ ಸಣ್ಣದಾಗುವುದು ಅಸಾಧ್ಯವೆಂದು ಹೇಳುವವರಿಗೆ ಒಂದೇ ಉತ್ತರ, ಯೂರಿಯಾ. 2018ರಲ್ಲಿ ಕೇಂದ್ರ ಸರ್ಕಾರ 50 ಕಿಲೋ ಯೂರಿಯಾ ಚೀಲವನ್ನು 45 ಕಿಲೋ ಮಾಡಿತು. ಉದ್ದೇಶ ಗೊಬ್ಬರದ ಬಳಕೆ ತಗ್ಗಿಸುವುದಾಗಿತ್ತು. ಆಹಾರ ನಿಗಮದ ಧಾನ್ಯ 50 ಕಿಲೋ ಚೀಲದಲ್ಲೇ ಬರುತ್ತದೆ. ಯುರೋಪಿನಲ್ಲಿ ಸಿಮೆಂಟು 25 ಕಿಲೋ ಚೀಲಕ್ಕಿಳಿದಿದೆ. ಕಂಪ್ಲಿಯ ಭತ್ತ ಮಾತ್ರ 75ರಲ್ಲೇ ಕೂತಿರಲು ವ್ಯಾಪಾರದ ರೂಢಿಯಲ್ಲದೆ ಬೇರೆ ಕಾರಣವಿಲ್ಲ. ಚೀಲ ಸಣ್ಣದಾದರೆ ಸುತ್ತು ಹೆಚ್ಚುತ್ತದೆಯಲ್ಲ ಎಂದು ಕೇಳಬಹುದು. ಹೆಚ್ಚುತ್ತದೆ, ನಿಜ. ಅದಕ್ಕೇ ಕೂಲಿಯನ್ನು ಚೀಲದ ಬದಲು ಕ್ವಿಂಟಲ್‌ಗೆ ಕಟ್ಟಬೇಕು, ಚೀಲದ ಬಾಯಿ ಟ್ರಾಲಿಯ ಎತ್ತರಕ್ಕೆ ಬರುವ ಕಟ್ಟೆಗಳನ್ನು ಎಪಿಎಂಸಿಯಲ್ಲಿ ಕಟ್ಟಬೇಕು. ನೆಲದಿಂದ ಎತ್ತುವುದೊಂದನ್ನು ತಪ್ಪಿಸಿದರೂ ಬೆನ್ನಿನ ಮೇಲಿನ ಒತ್ತಡ ಬಹಳ ಇಳಿಯುತ್ತದೆ.

ಅಳೆಯಲು ಬೇಕಾದವರು ದೂರವೇನಿಲ್ಲ. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಓದುವ ಮಕ್ಕಳಿದ್ದಾರೆ, ಸಂಡೂರಿನ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿದೆ, ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜಿದೆ, ಗಂಗಾವತಿಯಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ. ಬೆಂಗಳೂರಿನ ಬಳಿ ಐಸಿಎಂಆರ್‌ನ ದಕ್ಷಿಣ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ. ಒಂದು ಅಳತೆ ಪಟ್ಟಿ, ಒಂದು ತಕ್ಕಡಿ, ಒಂದು ಮೊಬೈಲು, ಜೊತೆಗೆ ‘ಎಲ್ಲಿ ನೋವು, ಎಷ್ಟು ದಿನದಿಂದ’ ಎಂದು ಕನ್ನಡದಲ್ಲಿ, ಲಂಬಾಣಿಯಲ್ಲಿ, ತೆಲುಗಿನಲ್ಲಿ ಕೇಳುವ ಪ್ರಶ್ನಾವಳಿ. ಒಂದು ಹಂಗಾಮಿನ ನಾಟಿ, ಒಂದು ಹಂಗಾಮಿನ ಚೀಲ ಹೊರುವ ಕೆಲಸ ಅಳೆದರೂ ಸಾಕು, ಮಾತಾಡಲು ಆಧಾರ ಸಿಗುತ್ತದೆ.

ಆ ಆಧಾರ ಯಾಕೆ ಬೇಕೆಂದರೆ, ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ 29 ಔದ್ಯೋಗಿಕ ರೋಗಗಳ ಪಟ್ಟಿಯಿತ್ತು. ಸೀಸದ ವಿಷ ಅದರಲ್ಲಿತ್ತು, ಸಂಡೂರಿನವರಿಗೆ ಪರಿಚಿತವಾದ ಮ್ಯಾಂಗನೀಸಿನ ವಿಷ ಇತ್ತು, ಧೂಳಿನ ಸಿಲಿಕೋಸಿಸ್ ಇತ್ತು, ಸದ್ದಿನಿಂದ ಬರುವ ಕಿವುಡು ಇತ್ತು. ಆ ಕಾಯ್ದೆಯ ಬದಲು 2025ರಲ್ಲಿ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ಅದೇ ಪಟ್ಟಿಯನ್ನು ಮುಂದುವರಿಸಿದೆ. ಭಾರ ಹೊತ್ತು ಕೆಟ್ಟ ಬೆನ್ನು, ಮಂಡಿ, ಕತ್ತು ಆ 29ರಲ್ಲಿ ಒಂದೂ ಇಲ್ಲ.